ಹಿಂದುಮುಂದಾದ ವಿಳಾಸ

ನಮ್ಮ ಭಾವನವರ ಆಡಿಟ್ ಆಫೀಸಿನಿಂದ ಹೊರಟ ಮೇಲ್‌ಗಳೆಲ್ಲ ಗಿರಾಕಿಗಳ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುತ್ತಿದ್ದವು. "ನೀನು ಕಂಪ್ಯೂಟರಿನವನಲ್ವೇನೋ, ಸ್ವಲ್ಪ ನೋಡು" ಅಂದರು. ಮನೆತನದಲ್ಲಿ ಒಬ್ಬ ಕಂಪ್ಯೂಟರಿನವನಿದ್ದರೆ ಟಿವಿ ರಿಮೋಟು, ಗೀಸರು, ಗ್ಯಾಸ್ ಬುಕಿಂಗು ಎಲ್ಲವೂ ಅವನ ಖಾತೆಯೇ.

ಹೆಸರು ಕೊಟ್ಟರೆ ನಂಬರು ಹೇಳುವುದು ಡಿಎನ್ಎಸ್‌ನ ನಿತ್ಯಕರ್ಮ. ಆದರೆ ಮೇಲ್ ಪಡೆಯುವ ಸರ್ವರು ಪರಮ ಸಂಶಯಿ. ಬಂದ ನಂಬರು ಹಿಡಿದು "ಇದು ಯಾರದಪ್ಪಾ?" ಎಂದು ಉಲ್ಟಾ ವಿಚಾರಿಸುತ್ತದೆ. ಅದಕ್ಕೆ ಉತ್ತರ ಹೇಳುವ ಸಾಲೇ ಪಿಟಿಆರ್. ಭಾವನವರ ನಂಬರಿಗೆ ಅದೇ ಇರಲಿಲ್ಲ.

ಕಾಗದದ ಮೇಲೆ ನಾವು ಮೊದಲು ಹೆಸರು, ಆಮೇಲೆ ಬೀದಿ, ಊರು, ಕೊನೆಗೆ ಜಿಲ್ಲೆ ಬರೆಯುತ್ತೇವಲ್ಲ, ಡಿಎನ್ಎಸ್ ಹೆಸರುಗಳ ಕ್ರಮವೂ ಅದೇ. ಐಪಿ ನಂಬರು ಮಾತ್ರ ಜಿಲ್ಲೆಯಿಂದ ಹೊರಟು ಮನೆಬಾಗಿಲಿಗೆ ಬರುತ್ತದೆ. ಹಾಗಾಗಿ 203.0.113.74 ಎಂಬುದನ್ನು (ಉದಾಹರಣೆಗೆಂದೇ ಮೀಸಲಿಟ್ಟ ನಂಬರಿದು, ಭಾವನವರದಲ್ಲ) 74.113.0.203 ಎಂದು ತಿರುಗಿಸಿ, ಬಾಲಕ್ಕೆ 'ಇನ್-ಆಡರ್.ಆರ್ಪಾ' ಅಂಟಿಸಬೇಕು.

ಇಲ್ಲೇ ಫಜೀತಿ. ಇಂಥ ಉಲ್ಟಾ ಹೆಸರುಗಳನ್ನು ವಲಯಗಳಾಗಿ ಹಂಚಿ ಒಬ್ಬೊಬ್ಬರ ಉಸ್ತುವಾರಿಗೆ ಕೊಡುತ್ತಾರೆ. ಪಾಲುಪಟ್ಟಿ ಆಗುವುದು ಚುಕ್ಕೆ ಇರುವಲ್ಲಿ; ಕನಿಷ್ಠ ಪಾಲೇ 256 ನಂಬರು. ಭಾವನವರ ಆಸ್ತಿಯೋ, 72ರಿಂದ 79ರವರೆಗೆ ಎಂಟೇ ಎಂಟು. ಅದರಲ್ಲೂ ಮೊದಲನೆಯದು, ಕೊನೆಯದು ಬಳಕೆಗಿಲ್ಲ. ಇಂಥ ಬಡವರಿಗಾಗಿ 1998ರಲ್ಲಿ ಆರ್‌ಎಫ್‌ಸಿ 2317 ಎಂಬ ಇಂಟರ್ನೆಟ್ ದಸ್ತಾವೇಜು ಬಂತು: ಇಂಟರ್ನೆಟ್ ಕೊಡುವ ಕಂಪನಿ ತನ್ನ ವಲಯದೊಳಗೆ '72-79' ಅಂತ ಒಂದು ಉಪವಲಯ ಮಾಡಿ ನಮ್ಮ ಸರ್ವರಿಗೆ ಒಪ್ಪಿಸುತ್ತದೆ, ಒಂದೊಂದು ನಂಬರಿಗೂ ಒಂದೊಂದು ಸಿನೇಮ್ (ಅಡ್ಡಹೆಸರಿನ) ಸಾಲು ಬರೆದು, ಕೇಳಲು ಬಂದವರನ್ನು ಅತ್ತ ಕಳಿಸುತ್ತದೆ. ಜಾಣ ಉಪಾಯ, ಆದರೆ ಕಂಪನಿ ಮನಸ್ಸು ಮಾಡಬೇಕು. ಇದನ್ನೆಲ್ಲ ಫೋನಿನಲ್ಲಿ ಭಕ್ತಿಯಿಂದ ವಿವರಿಸಿದೆ. ಆ ಕಡೆಯ ಹುಡುಗ ಪೂರ್ತಿ ಕೇಳಿಸಿಕೊಂಡು, "ಸರ್, ಮೋಡೆಮ್ ಆಫ್ ಮಾಡಿ ಆನ್ ಮಾಡಿದ್ರಾ?" ಅಂದ. ಮಾಡಿದೆ. ಹಿರಿಯರು ಫೋನ್ ಹಿಡಿಯುವವರೆಗೆ ಇನ್ನೇನು ಕೆಲಸ?

ವಲಯ ಕೈಗೆ ಬಂದಮೇಲೂ ಚುಕ್ಕೆಯ ಕಾಟ ತಪ್ಪದು. ಪಿಟಿಆರ್ ಸಾಲಿನಲ್ಲಿ ಹೆಸರಿನ ಕೊನೆಗೊಂದು ಚುಕ್ಕೆ ಇಡದಿದ್ದರೆ, ಬೈಂಡ್ ಎಂಬ ಡಿಎನ್ಎಸ್ ಸರ್ವರ್ ತಂತ್ರಾಂಶ ಅದನ್ನು ಅರ್ಧ ಹೆಸರೆಂದು ತಿಳಿದು ಇಡೀ ವಲಯದ ಹೆಸರನ್ನು ಹಿಂದಕ್ಕೆ ಪೋಣಿಸಿಬಿಡುತ್ತದೆ. ವಲಯದ ಕಡತ ತಿದ್ದಿದಾಗಲೆಲ್ಲ ಅದರ ಸೀರಿಯಲ್ ನಂಬರು ಏರಿಸಬೇಕು. ಇಲ್ಲವಾದರೆ ಕಡತದ ನಕಲು ಇಟ್ಟುಕೊಂಡ ಜೊತೆಯ ಸರ್ವರು ಹಳೆಯದನ್ನೇ ಒಪ್ಪಿಸುತ್ತಿರುತ್ತದೆ.

ಎಂಟೇ ನಂಬರಿನವರು ಸ್ವಂತ ವಲಯದ ಉಸಾಬರಿಗೆ ಹೋಗಲೇಬೇಡಿ. ಬೇಕಾದ ಪಿಟಿಆರ್ ಸಾಲನ್ನು ಕಂಪನಿಯಿಂದಲೇ ಬರೆಸಿಕೊಳ್ಳಿ. ಅದನ್ನೂ ದುಡ್ಡು ಕಟ್ಟುವ ಮುಂಚೆಯೇ ಕೇಳಿ. ಆಗ ಫೋನು ಬೇಗ ಎತ್ತುತ್ತಾರೆ.