ಪುಟ ತೆರೆಯದಿದ್ದರೆ ಮಳೆ ಅಂತ ತಿಳಿಯಿರಿ

ಜೂನ್ ತಿಂಗಳಲ್ಲಿ ಮಲೆನಾಡಿನ ಇಬ್ಬರು ತೋಟದವರು ಎದುರಾದರೆ ಕ್ಷೇಮಸಮಾಚಾರ ಆಮೇಲೆ. ಮೊದಲ ಪ್ರಶ್ನೆ, "ನಿಮ್ಮಲ್ಲಿ ಎಷ್ಟು ಬಂತು?" ಕೇಳಿದ್ದು ಮಳೆ. "ಜೋರು ಬಂತು ಮಾರಾಯ್ರೆ" ಅಂದರೆ ಲೆಕ್ಕಕ್ಕಿಲ್ಲ, "ಮೂರು ಇಂಚು ನಲವತ್ತು ಸೆಂಟ್" ಅಂದರೆ ಮರ್ಯಾದೆ. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಕಾಫಿ ತೋಟದವರು ಇನ್ನೂ ಇಂಚು ಬಿಟ್ಟಿಲ್ಲ. ಕೊಪ್ಪದ ಕಡೆಯ ನಮ್ಮ ಮನೆಯಲ್ಲೂ ಅಂಗಳಕ್ಕೊಂದು ಮಳೆಮಾಪಕ, ಅಪ್ಪನ ಕಾಲದ ಲೆಕ್ಕದ ಪುಸ್ತಕ, ಬೆಳಿಗ್ಗೆ 8:30ಕ್ಕೆ ಅಳೆದು ಬರೆಯುವ ಪದ್ಧತಿ ಎಲ್ಲ ಉಂಟು. ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದೂ ಅದೇ ಹೊತ್ತಿಗೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ನಮ್ಮ ಇಂಚು ಲೋಕಕ್ಕೂ ಗೊತ್ತಾಗಲಿ ಅನ್ನಿಸಿತು. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಪೆಂಟಿಯಮ್ 4 ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅಪಾಚೆ ಹಾಕಿ, ವೆಬ್ ಸರ್ವರ್ ಎಂಬ ಪಟ್ಟ ಕಟ್ಟಿ ಅಟ್ಟದ ಮೆಟ್ಟಿಲಿನ ಕೆಳಗೆ ಕೂರಿಸಿದ್ದೇನೆ. ಅಲ್ಲಿಂದ ಮನೆಗೆ ಒಬ್ಬ ಯಜಮಾನ ಹೆಚ್ಚಾದ. ಹೊತ್ತಿಗೆ ಸರಿಯಾಗಿ ಎದ್ದರೆ ಪುಣ್ಯ, ಎದ್ದಮೇಲೆ ಗುರುಗುಟ್ಟುವುದೇ ಕೆಲಸ, ಇದ್ದಕ್ಕಿದ್ದಂತೆ ಮಾತು ಬಿಟ್ಟರೆ ಕಾರಣ ಕೇಳುವ ಹಾಗಿಲ್ಲ.

ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದು ಹೇಳಿ? ಚಪ್ಪಲಿಗೆ ಹಿಡಿಯುತ್ತದೆ, ಮದುವೆ ಆಲ್ಬಮ್ಮಿಗೆ ಹಿಡಿಯುತ್ತದೆ, ಕಂಪ್ಯೂಟರ್ ಯಾವ ಗಿಡದ ತೊಪ್ಪಲು? ಥಂಡಿ ಏರಿದ ದಿನ ಅದು ಪರದೆಯಲ್ಲಿ ಏನೂ ತೋರಿಸದೆ ಉದ್ದುದ್ದ ಬೀಪ್ ಹೊಡೆಯುತ್ತದೆ. ಆಗ ಚಿಕಿತ್ಸೆ ಶುರು. ಪಕ್ಕದ ತಗಡು ಬಿಚ್ಚಿ, ರ‍್ಯಾಮ್ ಪಟ್ಟಿಯ ಎರಡು ತುದಿಯ ಕ್ಲಿಪ್ ಒತ್ತಿ ಅದನ್ನು ಎಬ್ಬಿಸಬೇಕು. ಅಂಚಿನಲ್ಲಿರುವ ಚಿನ್ನದ ಬಣ್ಣದ ಹಲ್ಲುಗಳನ್ನು ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ಕಪ್ಪು ಹೋಗಿ ಹಲ್ಲು ಫಳ್ ಅಂದಮೇಲೆ ರಬ್ಬರಿನ ಚೂರು ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದರೆ ಯಜಮಾನರು ಏಳುತ್ತಾರೆ. ಇದು ನನ್ನ ಸಂಶೋಧನೆಯಲ್ಲ. ಪೇಟೆಯ ರಿಪೇರಿ ಅಂಗಡಿಯಲ್ಲೂ ಮೊದಲ ಔಷಧ ಈ ರಬ್ಬರೇ. ಬಿಲ್ಲಿನಲ್ಲಿ ಮಾತ್ರ ಅದು ಸರ್ವೀಸ್ ಚಾರ್ಜ್.

ಎದ್ದ ಮೇಲೆ ಇನ್ನೊಂದು ಪೇಚು. ಕರೆಂಟ್ ಇಲ್ಲದಾಗಲೂ ದಿನ, ಗಂಟೆ ನೆನಪಿಡಲಿ ಅಂತ ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟಗಲದ 3 ವೋಲ್ಟಿನ ಸೆಲ್ ಒಂದಿರುತ್ತದೆ. ಸೆಲ್ ಬದಲಾಯಿಸಿದ್ದೂ ಆಯಿತು. ಹಿಡಿದುಕೊಳ್ಳುವ ಕಂಬಿಯೇ ತುಕ್ಕು ಹಿಡಿದಿರುವಾಗ ಸೆಲ್ ಹೊಸದಾದರೇನು? ಹಾಗಾಗಿ ಪ್ರತಿ ಸಲ ಎದ್ದಾಗಲೂ ಅದರ ಮಟ್ಟಿಗೆ ಇವತ್ತು 2002ರ ಜನವರಿ 1. ಇಂಟರ್‌ನೆಟ್ ಬಂದರೆ ತಾನೇ ಗಡಿಯಾರ ತಿದ್ದಿಕೊಳ್ಳುತ್ತದೆ, ನಿಜ. ಆದರೆ ನಮ್ಮಲ್ಲಿ ಕರೆಂಟ್ ಮೊದಲು ಬರುತ್ತದೆ, ಕೇಬಲ್ ಮೇಲೆ ಬಿದ್ದ ಕೊಂಬೆ ತೆಗೆದ ಮೇಲೆ ಇಂಟರ್‌ನೆಟ್ ಬರುತ್ತದೆ. ಆ ನಡುವೆ ಲೆಕ್ಕ ಹತ್ತಿಸಿದರೆ ಜನವರಿಯ ಚಳಿಯಲ್ಲಿ ಐದು ಇಂಚು ಮಳೆ ಬಿದ್ದದ್ದು ದಾಖಲಾಗುತ್ತದೆ.

ಜಗತ್ತಿನ ಮೊದಲ ವೆಬ್ ಸರ್ವರ್ 1990ರ ಕೊನೆಗೆ ಜಿನೀವಾ ಪಕ್ಕದ ಸರ್ನ್ ಸಂಸ್ಥೆಯಲ್ಲಿ, ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು. ಯಾರಾದರೂ ಸ್ವಿಚ್ ಒತ್ತಿಯಾರು ಅಂತ ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದರು: ಇದು ಸರ್ವರ್, ಆಫ್ ಮಾಡಬೇಡಿ. ಅಲ್ಲಿ ಓಡಾಡುತ್ತಿದ್ದವರು ವಿಜ್ಞಾನಿಗಳು, ಚೀಟಿ ಸಾಕಾಯಿತು. ನಾನೂ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಆದರೆ ಮನೆಯಲ್ಲಿ ಯುಪಿಎಸ್‌ಗೆ ಸೇರಿದ ಪ್ಲಗ್ ಅದೊಂದೇ. ಕರೆಂಟ್ ಹೋದಾಗ ಫೋನು ಶೇಕಡಾ 4ಕ್ಕೆ ಇಳಿದ ನೆಂಟರು ಚೀಟಿ ಓದುತ್ತಾ ನಿಲ್ಲುತ್ತಾರೆಯೇ? ಸರ್ವರಿನ ಪಿನ್ನು ಕಿತ್ತು ಚಾರ್ಜರ್ ಸಿಕ್ಕಿಸಿ, "ಇಲ್ಲೊಂದು ಖಾಲಿ ಇತ್ತಲ್ಲ ಭಾವ" ಅನ್ನುತ್ತಾರೆ.

ಇಷ್ಟು ಸೇವೆ ಮಾಡಿಸಿಕೊಂಡು ಇದು ಯಾರಿಗೆ ಸೇವೆ ಮಾಡುತ್ತದೆ ಅಂತ ನಮ್ಮನೆಯವಳ ಪ್ರಶ್ನೆ. ಲಾಗ್ ಫೈಲ್ ತೆರೆದು ತೋರಿಸಿದೆ. ಹಗಲೂ ರಾತ್ರಿ ಜನವೋ ಜನ! ಸರಿಯಾಗಿ ನೋಡಿದರೆ ಹೆಚ್ಚಿನವು ಮನುಷ್ಯರೇ ಅಲ್ಲ, ಬಾಟ್‌ಗಳು. ನಮ್ಮಲ್ಲಿಲ್ಲದ ವರ್ಡ್‌ಪ್ರೆಸ್ಸಿನ ಬಾಗಿಲು ಹುಡುಕುವವು ಕೆಲವು, 'ಅಡ್ಮಿನ್' ಅಂತ ಹೆಸರು ಹೇಳಿಕೊಂಡು ಪಾಸ್‌ವರ್ಡ್ ಊಹಿಸುವವು ಕೆಲವು. "ಹಾಗಾದ್ರೆ ಮಳೆ ಎಷ್ಟು ಅಂತ ಕೇಳೋಕೆ ಬಂದವರು?" ಅಂದಳು. ಅವರು ಬೆಂಗಳೂರು, ದುಬೈ, ನ್ಯೂಜೆರ್ಸಿಯಲ್ಲಿರುವ ನಮ್ಮ ಬಳಗದವರು. ಅವರ ಪೈಕಿ ಯಾರೂ ಅಂಕಿ ನೋಡುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ವಿಷಯ ಇಷ್ಟೇ. ಗುಡುಗು ಶುರುವಾದರೆ ಸಿಡಿಲಿಗೆ ಹೆದರಿ ನಾವೇ ಮೋಡೆಮ್ಮಿನ ತಂತಿ ಕೀಳುತ್ತೇವೆ. ನಾವು ಕೀಳದಿದ್ದರೆ ಕರೆಂಟಿನವರು ಲೈನ್ ತೆಗೆಯುತ್ತಾರೆ. ಅವರು ತೆಗೆಯದಿದ್ದರೆ ಮರ ಬೀಳುತ್ತದೆ. ಅಂತೂ ಮಳೆಯ ಲೆಕ್ಕ ಕೊಡುವ ಸರ್ವರ್, ಮಳೆ ಬಂದಾಗ ಮಾತ್ರ ಇರುವುದಿಲ್ಲ. ದುಬೈಯ ತಂಗಿ ಬೆಳಿಗ್ಗೆ ಎದ್ದು ಫೋನಿನಲ್ಲಿ ಪುಟ ಒತ್ತಿ ನೋಡುತ್ತಾಳೆ. ತೆರೆದರೆ ಊರಲ್ಲಿ ಬಿಸಿಲು. ತಿರುಗುತ್ತಲೇ ಇದ್ದರೆ ಮಳೆ ಹಿಡಿದಿದೆ. ಸಂಜೆಯಾದರೂ ತೆರೆಯದಿದ್ದರೆ ತುಂಗೆ ತುಂಬಿ ಹರಿಯುತ್ತಿದ್ದಾಳೆ ಅಂತ ಅರ್ಥ. "ಬಿಸಿಲಿದ್ದಾಗಲೂ ನಿಲ್ಲುತ್ತಲ್ಲ?" ಅಂತ ಕೇಳಿದೆ. "ಯಾವ ಹವಾಮಾನ ವರದಿ ನೂರಕ್ಕೆ ನೂರು ಸರಿ ಇರುತ್ತೆ ಅಣ್ಣಾ?" ಅಂದಳು.

ಇದು ತಿಳಿಯದ ತಮ್ಮನ ಮಗ ಪ್ರತಿ ದೀಪಾವಳಿಗೂ ಉಪದೇಶ ಮಾಡುತ್ತಾನೆ. "ದೊಡ್ಡಪ್ಪ, ಮುಂಬೈ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಸರ್ವರ್ ಸಿಗುತ್ತೆ. ಯಾವತ್ತೂ ನಿಲ್ಲಲ್ಲ." ಅದೇ ತೊಂದರೆ ಮಗನೇ! ಆಗುಂಬೆ ಕಡೆಯ ಆಕಾಶ ನಮ್ಮ ನೆರೆಮನೆ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ, ಅಂದರೆ 275 ಇಂಚಿನ ಮೇಲೆ ಸುರಿಯುತ್ತದೆ. ಅದರ ಸುದ್ದಿ ಮುಂಬೈಯ ಎ.ಸಿ. ರೂಮಿನಲ್ಲಿ ಬೆಚ್ಚಗೆ ಕೂತ ಸರ್ವರಿಗೆ ಹೇಗೆ ಗೊತ್ತಾಗಬೇಕು?

ಸೋತವನು ಕೊನೆಯ ಬಾಣ ಬಿಡುತ್ತಾನೆ. 2025ರ ಡೆಬಿಯನ್ 13ರಲ್ಲಿ ಇಂಥ ಹಳೇ 32 ಬಿಟ್ಟಿನ ಯಂತ್ರಗಳಿಗೆ ಇನ್‌ಸ್ಟಾಲರೇ ಇಲ್ಲವಂತೆ. ಅದೂ ಅಲ್ಲದೆ, 1970ರಿಂದ ಸೆಕೆಂಡು ಎಣಿಸುತ್ತಾ ಬಂದಿರುವ ಇದರ ಲೆಕ್ಕ 2038ರ ಜನವರಿ 19ಕ್ಕೆ ತುಂಬಿ, ಮರುಕ್ಷಣವೇ 1901ಕ್ಕೆ ಹಾರುತ್ತದಂತೆ. ನಮ್ಮ ಗಡಿಯಾರದಲ್ಲಿ ಆಗ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಹೆದರಿಸುವುದಾದರೂ ಲೆಕ್ಕ ಹಾಕಿ ಹೆದರಿಸಬೇಡವೇ? ನಾನು ಮಳೆ ಅಳೆಯುವುದು 8:30ಕ್ಕೆ. ಹತ್ತಿಸುವುದಕ್ಕೆ ಹದಿನಾಲ್ಕು ನಿಮಿಷ ಧಾರಾಳವಾಯಿತು. ಜನವರಿ ತಾನೇ, ಒಂದು ಸೊನ್ನೆ ಬರೆದರೆ ಮುಗಿಯಿತು.