ಮೀಟರ್ ರಾಯರು

ವಾಕಿಂಗು, ವಾಟ್ಸಾಪು, ವಿಷ್ಣುಸಹಸ್ರನಾಮ ಈ ಮೂರೂ ಒಗ್ಗದ ನಿವೃತ್ತರು ಕಡೆಗೆ ಏನಾದರೊಂದು ಉಪಕರಣ ಕೊಳ್ಳುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ರಾಯರು ಎಸ್.ಪಿ. ರಸ್ತೆಗೆ ಹೋಗಿ ಮಲ್ಟಿಮೀಟರ್ ತಂದರು. ಅಂದಿನಿಂದ ನಮ್ಮ ನೆಲಮಾಳಿಗೆಯಲ್ಲಿ ಯಾವ ಕಾರಿಗೂ ನೆಮ್ಮದಿಯಾಗಿ ಕೆಟ್ಟು ನಿಲ್ಲುವ ಭಾಗ್ಯವಿಲ್ಲ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಬಾನೆಟ್ ಎತ್ತಿದ ಸದ್ದು ಕಿವಿಗೆ ಬಿದ್ದರೆ ಸಾಕು, ಲಿಫ್ಟಿಗೂ ಕಾಯದೆ ಮೂರನೇ ಮಹಡಿಯಿಂದ ಇಳಿದು ಬರುತ್ತಾರೆ. ಮಂಡಿನೋವು ಹತ್ತುವಾಗ ಮಾತ್ರ.

ವಿದ್ಯಾರಂಭ ಅಷ್ಟೇನೂ ಶುಭವಾಗಿರಲಿಲ್ಲ. ಕೆಂಪು ವೈರನ್ನು ಆಂಪ್ಸ್ ಅಳೆಯುವ ತೂತಿನಲ್ಲೇ ಬಿಟ್ಟು, ವೋಲ್ಟ್ ನೋಡೋಣವೆಂದು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರು. ಚಟ್ ಎಂದು ಕಿಡಿ ಹಾರಿ ಮೀಟರಿನ ಫ್ಯೂಸೇ ಹೋಯಿತು. "ಇದು ಕಲಿಕೆಯ ಶುಲ್ಕ ಕಣೇ" ಎಂದರು. ಅವರ ಶ್ರೀಮತಿ ರಸೀದಿ ಕೇಳಿದರು. ಆಮೇಲೆ ಫ್ಯೂಸುಗಳ ಬಾಯಿಪಾಠ ಶುರುವಾಯಿತು: 10 ಆಂಪ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳೂ ಬಣ್ಣ ಕಲಿತದ್ದು ಹೀಗೆಯೇ. ಶಿಶುವಿಹಾರದಲ್ಲಿ ಟೀಚರ್ ಬಾಳೆಹಣ್ಣು ತೋರಿಸಿ ಯಾವ ಬಣ್ಣ ಎಂದರೆ ಅದು ಈಗಲೂ "ಇಪ್ಪತ್ತು" ಎನ್ನುತ್ತದಂತೆ.

ರಾಯರಿಗೆ ನಿಜವಾದ ದೀಕ್ಷೆ ಸಿಕ್ಕಿದ್ದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಒಬ್ಬ ಎಲೆಕ್ಟ್ರಿಷಿಯನ್ನಿಂದ. ಆತನ ಬಳಿ ಮೀಟರೇ ಇರಲಿಲ್ಲ. ಒಂದು ಹಳೇ 12 ವೋಲ್ಟ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು, ಅಷ್ಟೆ. "ಸಾರ್, ಒಂದೇ ಎಳೆ ಉಳಿದಿರೋ ವೈರೂ ನಿಮ್ಮ ಮೀಟರಿಗೆ ಪೂರ್ತಿ ವೋಲ್ಟ್ ತೋರಿಸುತ್ತೆ. ಬಲ್ಬ್ ಹಚ್ಚಿ ನೋಡಿ, ಬಣ್ಣ ಬಯಲಾಗುತ್ತೆ" ಎಂದನಂತೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಲೋಡ್ ಬೀಳದೆ ವೈರಿನ ಯೋಗ್ಯತೆ ತಿಳಿಯುವುದಿಲ್ಲ.

ಈ ಮಾತು ರಾಯರಿಗೆ ನಾಟಿದ್ದಕ್ಕೆ ಕಾರಣವಿದೆ. ಅವರು ಬ್ಯಾಂಕಿನಲ್ಲಿದ್ದವರು, ಹತ್ತು ಪೈಸೆ ತಾಳೆಯಾಗದಿದ್ದರೂ ಶಟರ್ ಎಳೆಯಲು ಬಿಡದವರು. ಬ್ಯಾಟರಿ ಕೊಟ್ಟ ವೋಲ್ಟೂ ಅವರ ಪಾಲಿಗೆ ಲೆಡ್ಜರಿನ ಹಣವೇ: ಅಷ್ಟೂ ದೀಪಕ್ಕೋ ಮೋಟಾರಿಗೋ ಖರ್ಚಾಗಿರಬೇಕು, ದಾರಿಯಲ್ಲಿ ಸೋರಿದ್ದರೆ ಯಾರೋ ತಿಂದಿದ್ದಾರೆ.

ತಿಂದವನು ಯಾರೆಂದು ಹಿಡಿಯುವ ಅವಕಾಶ ಈ ಮಳೆಗಾಲದ ಕೊನೆಗೆ ಒದಗಿತು. ಎರಡನೇ ಮಹಡಿಯವರು ರೇಷ್ಮೆ ಪಂಚೆ, ಉಡುಗೊರೆ ಸಮೇತ ಮದುವೆಗೆ ಹೊರಟರೆ ಕಾರಿನ ಸೆಲ್ಫ್ ನಾಲ್ಕು ಸಲ ನರಳಿ ಸುಮ್ಮನಾಯಿತು. ಬ್ಯಾಟರಿ ಹೊಸದು, ಹಳೆಯದು ಇದೇ ದೂರಿನ ಮೇಲೆ ಗುಜರಿ ಸೇರಿತ್ತು.

"ಒಂದು ಕೈ ಹಾಕಿ ರಾಯರೇ, ತಳ್ಳಿಬಿಡೋಣ."

"ತಳ್ಳಿದರೆ ಸಾಕ್ಷಿ ನಾಶವಾಗುತ್ತೆ!"

ಮೀಟರ್ ಹೊರಬಂತು. ಬ್ಯಾಟರಿ ಸುಮ್ಮನಿದ್ದಾಗ 12.6. ತುಂಬಿದ ಬ್ಯಾಟರಿಯ ಅಂಕಿ ಅದೇ. ವಾಚ್‌ಮನ್ ರಾಯಚೂರಿನವನು, ಇಷ್ಟರಲ್ಲಿ ಅರ್ಧ ಮೆಕ್ಯಾನಿಕ್ ಆದವನು. ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ತಾನಾಗಿಯೇ ನೋಡಿ ಸೀಟಿನಲ್ಲಿ ಕೂತ. "ಹೊಡೀಲೇನ್ರಿ ಸಾಹೇಬ್ರ?" ಹೊಡೆದ. ಅಂಕಿ 11.9ರ ಕೆಳಗಿಳಿಯಲಿಲ್ಲ.

"ಬ್ಯಾಟರಿ ನಿರಪರಾಧಿ" ಎಂದರು ರಾಯರು. "ಅದರ ತಪ್ಪಾಗಿದ್ದರೆ ಈಗ ಒಂಬತ್ತು ಪಾಯಿಂಟ್ ಆರಕ್ಕಿಂತ ಕೆಳಗೆ ಕುಸೀಬೇಕಿತ್ತು."

"ಒಂಬತ್ತು ನಲವತ್ತಕ್ಕೆ ಮುಹೂರ್ತ, ರಾಯರೇ."

"ನಲವತ್ತಲ್ಲ, ಪಾಯಿಂಟ್ ಆರು."

ಎರಡನೇ ಮಹಡಿಯವರು ಕೀಲಿಯನ್ನು ಅಲ್ಲೇ ಬಿಟ್ಟು ಆಟೋ ಹತ್ತಿದರು. ರಾಯರು ಅದನ್ನು ಗಮನಿಸಿದರೆಂದು ನನಗನ್ನಿಸಲಿಲ್ಲ. ಅವರು ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿದಿದ್ದರು. ವಾಚ್‌ಮನ್ ಮತ್ತೆ ಹೊಡೆದ. 1.8! ಅರ್ಧ ವೋಲ್ಟ್ ದಾಟಿದರೇ ತಕರಾರೆನ್ನಬೇಕಾದ ಜಾಗ ಅದು. ಸೆಲ್ಫ್‌ನಿಂದ ಬ್ಯಾಟರಿಗೆ ಕರೆಂಟ್ ಹಿಂದಿರುಗುವ ದಾರಿಯಲ್ಲೇ, ಅಂದರೆ ಅರ್ತ್‌ನಲ್ಲೇ ಕಳ್ಳನಿದ್ದ. ಟಾರ್ಚ್ ಬಿಟ್ಟು ನೋಡಿದರೆ ಅರ್ತ್ ವೈರಿನ ಬೋಲ್ಟ್ ಸಡಿಲವಾಗಿ, ಅಡಿಯಲ್ಲಿ ದಪ್ಪನೆ ತುಕ್ಕು. ದೀಪ ಮಿಣುಕಿದರೂ ಹಾರ್ನ್ ಕೆಮ್ಮಿದರೂ ಮೊದಲು ನೋಡಬೇಕಾದದ್ದು ಅರ್ತನ್ನೇ. ಆದರೆ ಅದರಲ್ಲಿ ಮಾರುವಂಥದ್ದೇನೂ ಇಲ್ಲವಾದ್ದರಿಂದ ಅಂಗಡಿಗಳಲ್ಲಿ ಅದನ್ನು ಕೊನೆಗೆ ನೋಡುತ್ತಾರೆ. ಇದು ನನ್ನ ಅಭಿಪ್ರಾಯ. ರಾಯರದು ಇನ್ನೂ ಖಾರ.

ಮೊದಲು ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿಟ್ಟು, ಮರಳು ಕಾಗದದಲ್ಲಿ ತಿಕ್ಕಿ, ಬೋಲ್ಟ್ ಬಿಗಿದು, ಕ್ಲಾಂಪ್ ಮತ್ತೆ ಹಾಕಿದರು. ವಾಚ್‌ಮನ್ ಕೀಲಿ ತಿರುಗಿಸುವಷ್ಟರಲ್ಲಿ ಎಂಜಿನ್ ಗರ್ ಎಂದಿತು. ಆಲ್ಟರ್ನೇಟರ್ ಕೂಡ 14.1 ತೋರಿಸಿತು. ವಾಚ್‌ಮನ್ ಚಪ್ಪಾಳೆ ತಟ್ಟಿದ. ರಾಯರ ಮುಖದಲ್ಲಿ ಮಾತ್ರ ಲೆಕ್ಕ ಮುಗಿದ ಕಳೆ ಇರಲಿಲ್ಲ.

ಅಷ್ಟರಲ್ಲಿ ಛತ್ರದಿಂದ ಫೋನು. ಹಿನ್ನೆಲೆಯಲ್ಲಿ ಗಟ್ಟಿಮೇಳ.

"ರಾಯರೇ, ಕಾರು ಸರಿಹೋಯ್ತಾ?"

"ಆಯ್ತು, ಆಯ್ತು. ಆದ್ರೆ ಕಾರಣ ಇದೇ ಅಂತ ಖಾತ್ರಿಯಾಗಬೇಕಲ್ಲ? ನೀವು ನಿಧಾನವಾಗಿ ಊಟ ಮುಗಿಸ್ಕೊಂಡು ಬನ್ನಿ" ಎಂದು ರಾಯರು ಸ್ಪಾನರ್ ಕೈಗೆತ್ತಿಕೊಂಡರು, "ಇನ್ನೊಂದು ಸಲ ಕೆಡಿಸಿ ನೋಡ್ತೀನಿ."