ಫುಲ್ ಫ್ರೇಮಿನ ದಿಬ್ಬಣ

ಹವ್ಯಾಸಿ ಫೋಟೊಗ್ರಾಫರಿಗೆ ಬರುವ ಕಾಯಿಲೆಗಳಲ್ಲಿ ಫುಲ್ ಫ್ರೇಮಿನದು ಸ್ವಲ್ಪ ತಡವಾಗಿ, ಸಾಮಾನ್ಯವಾಗಿ ಮನೆ ಸಾಲ ತೀರುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಲಕ್ಷಣಗಳು ಒಂದೊಂದಾಗಿ ಬರುತ್ತವೆ. ಮೊದಲು ರೋಗಿ ತಾನು ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಕತ್ತಲಿರುವ ಮೂಲೆಯನ್ನೇ ಹುಡುಕಿ ನೋಡತೊಡಗುತ್ತಾನೆ. ಚೆನ್ನಾಗಿ ಬಂದ ಮುಖ ಅವನ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಗೋಡೆಯ ನೆರಳಿನಲ್ಲಿ ಎದ್ದ ನಾಯ್ಸ್ ಮಾತ್ರ ಕಾಣುತ್ತದೆ. ಆಮೇಲೆ ಊಟದ ನಡುವೆ "ಸೆನ್ಸರ್ ಸಣ್ಣದಾಯ್ತು" ಎಂದು ಸುಮ್ಮನೆ ನಿಟ್ಟುಸಿರು ಬಿಡುತ್ತಾನೆ. ಮನೆಯವರು ಸಾರಿಗೆ ಉಪ್ಪು ಸಾಲದಾಯಿತೇನೋ ಅಂದುಕೊಳ್ಳುತ್ತಾರೆ.

ನನಗೂ ಇದು ಬಂತು. ಸಾಗರದಂಥ ಊರಿನಲ್ಲಿ ಇದ್ದುಕೊಂಡು ಇಷ್ಟು ವರ್ಷ ಸಣ್ಣ ಸೆನ್ಸರಿನ ಡಿಎಸ್‌ಎಲ್‌ಆರಿನಲ್ಲೇ ಹಕ್ಕಿ, ಮಳೆ, ನೆಂಟರ ಮನೆಯ ಉಪನಯನ ಎಲ್ಲವನ್ನೂ ತೆಗೆದು ಸುಖವಾಗಿದ್ದವನು ನಾನು.

ಕಾಯಿಲೆಯ ಮೂಲ ನೋಡೋಣ. ಫುಲ್ ಫ್ರೇಮ್ ಅಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಸೆನ್ಸರ್. ಬ್ರಹ್ಮ ಬರೆದ ಅಳತೆಯೇನಲ್ಲ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿದ್ದ ಓಸ್ಕರ್ ಬಾರ್ನಾಕ್ ಎಂಬಾತ ಸಿನಿಮಾ ರೀಲನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟಿನ ಜಾಗಕ್ಕೆ ಒಂದು ಚಿತ್ರ ಕೂರಿಸಿದ. ಹಾಗೆ ಹುಟ್ಟಿದ ಲೈಕಾ ಕ್ಯಾಮೆರಾ 1925ರಲ್ಲಿ ಪೇಟೆಗೆ ಬಂತು. ಬಾರ್ನಾಕನಿಗೆ ಉಬ್ಬಸವಿತ್ತು, ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲಾಗದೆ ಈ ಪುಟ್ಟ ಕ್ಯಾಮೆರಾದ ಕನಸು ಕಂಡವನು ಅವನು. ಇವತ್ತು ಅದೇ ಅಳತೆಯ ಚೌಕಟ್ಟಿಗೆ ಎರಡು ಕೆ.ಜಿ.ಯ ಲೆನ್ಸ್ ತಗಲಿಸಿಕೊಂಡು ನಾವು ಉಬ್ಬಸ ಬರಿಸಿಕೊಳ್ಳುತ್ತಿದ್ದೇವೆ.

ಇನ್ನೊಂದು ತಮಾಷೆ ಎಂದರೆ, ಫಿಲಂ ಕಾಲದಲ್ಲಿ ಊರಿನ ಮದುವೆ ಫೋಟೊದವರಲ್ಲಿ ಹೆಚ್ಚಿನವರ ಕೈಯಲ್ಲಿ ಇದ್ದದ್ದು ಫುಲ್ ಫ್ರೇಮೇ. 36 ಫೋಟೊಗಳ ರೋಲು ಹಾಕಿ, ಮೂಡಿಗೆರೆಯ ಕಾಡಿನಲ್ಲಿ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದಾಗಲೂ ಅದೇ. ಯಾರೂ ಆ ಹೆಸರು ಹೇಳಿಕೊಂಡು ಮೆರೆಯಲಿಲ್ಲ. ನಮ್ಮ ತಂದೆಯವರ ಅಗ್ಫಾ ಕ್ಲಿಕ್ 3ರ ನೆಗೆಟಿವ್ ಅಂತೂ 6 ಸೆಂ.ಮೀ. ಚೌಕದ್ದು, ಇವತ್ತಿನ ಫುಲ್ ಫ್ರೇಮಿನ ಮೂರು ಪಟ್ಟಿಗಿಂತ ದೊಡ್ಡದು. ಬಿಸಿಲಿಗೊಂದು, ಮೋಡಕ್ಕೊಂದು ಎಂದು ತಿರುಗಿಸುವುದು ಬಿಟ್ಟರೆ ಅದರಲ್ಲಿ ಹೆಚ್ಚಿನ ಕಸರತ್ತು ಇರಲಿಲ್ಲ. ಅಷ್ಟರಲ್ಲೇ ನಮ್ಮ ಅಜ್ಜನ ಮೀಸೆ ಎಷ್ಟು ಖಡಕ್ಕಾಗಿ ಬಂದಿದೆ ಎಂದರೆ, ನೋಡಿದವರು ಈಗಲೂ ದನಿ ತಗ್ಗಿಸುತ್ತಾರೆ.

ಡಿಜಿಟಲ್ ಬಂದಾಗ ಚೌಕಟ್ಟು ಕುಗ್ಗಿತು. ಸೆನ್ಸರುಗಳನ್ನು ದುಂಡನೆಯ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸುತ್ತಾರೆ. ತುಂಡು ದೊಡ್ಡದಾದಷ್ಟೂ ಒಂದು ಬಿಲ್ಲೆಗೆ ಸಿಗುವ ಸಂಖ್ಯೆ ಕಡಿಮೆ. ಎಲ್ಲೋ ಒಂದು ಕಡೆ ದೋಷವಿದ್ದರೂ ಆ ಇಡೀ ತುಂಡು ಕಸದ ಬುಟ್ಟಿಗೆ. ಹಾಗಾಗಿ ನಮ್ಮಂಥವರ ಪಾಲಿಗೆ ಬಂದದ್ದು ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಸೆನ್ಸರ್. 2002ರಲ್ಲಿ ಕ್ಯಾನನ್ 1ಡಿಎಸ್, 2007ರಲ್ಲಿ ನಿಕಾನ್ ಡಿ3 ಪೂರ್ತಿ ಅಳತೆಯಲ್ಲಿ ಬಂದವು. ಬೆಲೆ ಕೇಳಿ ನಾವು ಕೈ ಮುಗಿದು ಸುಮ್ಮನಾದೆವು. ಈಗ ಬೆಲೆ ಇಳಿದಿದೆ. ಕೈ ಮುಗಿಯುವ ಬದಲು ಕೈ ಚಾಚುವಷ್ಟು ಇಳಿದಿದೆ. ತೊಂದರೆ ಆಗಿರುವುದೇ ಅಲ್ಲಿ.

ಮನೆಯಲ್ಲಿ ವಿಷಯ ಎತ್ತುವುದಕ್ಕೆ ಅಡಿಕೆ ರೇಟು ಏರಿದ ದಿನವನ್ನೇ ನೋಡಿಕೊಂಡಿದ್ದೆ.

"ಈಗಿರೋದಕ್ಕೆ ಏನಾಗಿದೆ ರೀ?" ಎಂದಳು ನನ್ನ ಹೆಂಡತಿ.

"ಏನೂ ಆಗಿಲ್ಲ. ಹೊಸದರಲ್ಲಿ ಸೆನ್ಸರ್ ಎರಡು ಪಟ್ಟಿಗಿಂತ ಜಾಸ್ತಿ ದೊಡ್ಡದು. ಬೆಳಕು ಜಾಸ್ತಿ ಹಿಡಿಯುತ್ತೆ."

"ಬೆಳಕು ಬೇಕಾದ್ರೆ ಅಡುಗೆಮನೆ ಟ್ಯೂಬ್‌ಲೈಟ್ ಕೆಟ್ಟು ತಿಂಗಳಾಯ್ತು, ಮೊದಲು ಅದನ್ನ ಹಾಕಿಸಿ."

ಟ್ಯೂಬ್‌ಲೈಟ್ ಅದೇ ಸಂಜೆ ಬಂತು. ಕ್ಯಾಮೆರಾ ಅದರ ಹಿಂದೆಯೇ ಬಂತು.

ಬಂದದ್ದು ಮಿರರ್‌ಲೆಸ್ ಕ್ಯಾಮೆರಾದ ಬರೀ ಬಾಡಿ. ಇದು ಎಲ್ಲರೂ ತಿಳಿದಿರಬೇಕಾದ ವಿಷಯ: ಬಾಡಿ ಎಂದರೆ ಮದುಮಗ ಮಾತ್ರ. ಅವನೊಬ್ಬನಿಗೆ ಎಲೆ ಹಾಕಿದರೆ ಆಯಿತು ಅಂದುಕೊಂಡಿರುತ್ತೀರಿ. ಹಿಂದೆ ದಿಬ್ಬಣ ಬರುತ್ತಿರುತ್ತದೆ. ಮುಂಚೂಣಿಯಲ್ಲಿ ಅಡಾಪ್ಟರ್, ಹಳೆಯ ಲೆನ್ಸಿಗೂ ಹೊಸ ಬಾಡಿಗೂ ಸಂಬಂಧ ಕುದುರಿಸುವ ದಲ್ಲಾಳಿ. ಅವನ ಹಿಂದೆ ಹೆಚ್ಚುವರಿ ಬ್ಯಾಟರಿ, ವೇಗದ ಕಾರ್ಡು, ದೊಡ್ಡ ಬ್ಯಾಗು, ಆ ಬ್ಯಾಗಿಗೆ ಮಳೆಯ ಹೊದಿಕೆ. ಇವರೆಲ್ಲ ಸೇರಿ ಗೌರವ ಕೊಟ್ಟು ಕೂರಿಸಬೇಕಾದ ಹಿರಿಯರು ಕೊನೆಯಲ್ಲಿ ಬರುತ್ತಾರೆ: ಲೆನ್ಸುಗಳು.

ಹಳೆಯ ಲೆನ್ಸುಗಳೇ ಇದ್ದಾವಲ್ಲ ಎಂಬ ಧೈರ್ಯ ನನಗಿತ್ತು. ಅಡಾಪ್ಟರ್ ಹಾಕಿ ನನ್ನ ಪ್ರೀತಿಯ 50 ಎಂ.ಎಂ. ಕೂರಿಸಿದೆ. ಅದು ಕ್ಯಾಮೆರಾದೊಳಗಿನ ಮೋಟರು ತಿರುಗಿಸಿದರೆ ಫೋಕಸ್ ಆಗುವ ಹಳೇ ಕಾಲದ ಲೆನ್ಸ್. ಈ ಮಿರರ್‌ಲೆಸ್ಸಿನಲ್ಲಿ ಆ ಮೋಟರೇ ಇಲ್ಲ, ಅಡಾಪ್ಟರಿನಲ್ಲೂ ಇಲ್ಲ. ಕೈಯಲ್ಲೇ ತಿರುಗಿಸಬೇಕು. ತಿರುಗಿಸಿದೆ, ಎದುರಿಗೆ ಕೂತಿದ್ದ ಬೆಕ್ಕು ಅಷ್ಟರೊಳಗೆ ಎದ್ದು ಹಾಲಿನ ಪಾತ್ರೆಯ ಕಡೆ ಹೋಯಿತು.

ಇನ್ನು ಹಕ್ಕಿಗೆಂದು ಇಟ್ಟುಕೊಂಡಿದ್ದ 300 ಎಂ.ಎಂ. ಝೂಮ್. ಅದು ಸಣ್ಣ ಸೆನ್ಸರಿಗೆಂದೇ ಮಾಡಿದ್ದು, ಪೂರ್ತಿ ಚೌಕಟ್ಟನ್ನು ತುಂಬಲಾರದು. ಹೊಸ ಬಾಡಿ ಇದನ್ನು ತಾನೇ ಪತ್ತೆ ಹಚ್ಚಿ ನಡುವಿನ ಭಾಗ ಮಾತ್ರ ಬಳಸುತ್ತದೆ. ಆಗ 24 ಮೆಗಾಪಿಕ್ಸೆಲ್ ಹೋಗಿ ಹತ್ತು ಚಿಲ್ಲರೆ ಉಳಿಯುತ್ತದೆ. ತೋಟದ ಕೆರೆ ಪಕ್ಕದ ತಂತಿಯ ಮೇಲೆ ಒಂದು ಮಿಂಚುಳ್ಳಿ ದಿನವೂ ಕೂರುತ್ತದೆ. ಹಳೇ ಕ್ಯಾಮೆರಾದಲ್ಲಿ ಅದರ ಕೊಕ್ಕಿನ ತುದಿಯ ನೀರಹನಿ ಕಾಣುತ್ತಿತ್ತು. ಹೊಸದರಲ್ಲಿ ಅದೇ ಜಾಗದಲ್ಲಿ ನಿಂತು ತೆಗೆದರೆ ಹನಿ ಹೋಗಲಿ, ಕೊಕ್ಕು ಇದೆಯೋ ಇಲ್ಲವೋ ಎಂದು ಚರ್ಚೆ ಮಾಡಬಹುದು. ಫುಲ್ ಫ್ರೇಮಿಗೆಂದೇ ಮಾಡಿದ 300 ಎಂ.ಎಂ. ಹಾಕಿದರೂ ಹಕ್ಕಿ ಹತ್ತಿರ ಬರುವುದಿಲ್ಲ. ಸಣ್ಣ ಸೆನ್ಸರ್ ಚಿತ್ರದ ಅಂಚನ್ನೆಲ್ಲ ಕತ್ತರಿಸಿ 300 ಅನ್ನು 450ರ ಹಾಗೆ ತೋರಿಸುತ್ತಿತ್ತು; ಇಲ್ಲಿ 300 ಎಂದರೆ 300. ಲಕ್ಷದ ಮೇಲೆ ಖರ್ಚು ಮಾಡಿ ಹಕ್ಕಿಯನ್ನು ದೂರ ಕಳಿಸಿದ ಈ ಸಂಗತಿಯನ್ನು ಮನೆಯಲ್ಲಿ ಹೇಳಲು ನಾನು ಈಗಲೂ ಸರಿಯಾದ ಮುಹೂರ್ತ ಹುಡುಕುತ್ತಿದ್ದೇನೆ.

ಹೊಸ ಲೆನ್ಸ್ ಬೇಕು ಎಂದಾಯಿತು. ಬಲ್ಲವರನ್ನು ಕೇಳಿದರೆ ಮೊದಲು ತ್ರಿಮೂರ್ತಿಗಳ ಹೆಸರು ಹೇಳುತ್ತಾರೆ: 14-24, 24-70, 70-200, ಮೂರೂ ಎಫ್/2.8. ಮೂರ್ತಿ ಒಂದಕ್ಕಿಂತ ಒಂದು ತೂಕ. ಕಾಣಿಕೆಯೂ ಹಾಗೇ, ಒಬ್ಬೊಬ್ಬರದು ಬಾಡಿಯ ಬೆಲೆಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಬೇಡವೆಂದರೆ 24-120 ಎಫ್/4 ಎಂಬ ಒಬ್ಬ ಸಾಧು ಇದ್ದಾನೆ. ಎಲ್ಲಾ ಕೆಲಸಕ್ಕೂ ಬರುತ್ತಾನೆ, ಬೆನ್ನು ನೋವು ಕೊಡುವುದಿಲ್ಲ. 2.8ರ ಮುಂದೆ ಅವನಿಗೆ ಸಿಗುವ ಬೆಳಕು ಅರ್ಧ. ಆದರೆ ಸೆನ್ಸರ್ ದೊಡ್ಡದಾದ್ದರಿಂದ ಐಎಸ್‌ಒ ಒಂದು ಮೆಟ್ಟಿಲು ಏರಿಸಿದರೂ ಚಿತ್ರ ಕೆಡುವುದಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನಿಂದ ಹಿಡಿದು ಮೂಲೆಯಲ್ಲಿ ಕೂತ ಅಜ್ಜಿಯ ಮುಖದವರೆಗೆ ನಿಂತಲ್ಲಿಂದಲೇ ತೆಗೆಯಬಹುದು. ನನ್ನನ್ನು ಕೇಳಿದರೆ ಊರು ಮನೆಯವರಿಗೆ ಇದೊಂದೇ ಸಾಕು. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಸಾಧುವನ್ನು ಕರೆತಂದ ಮೇಲೆ ನಾನೇ ಸುಮ್ಮನಿರದೆ 85 ಎಂ.ಎಂ. ಎಫ್/1.8 ಒಂದನ್ನು ಕಟ್ಟಿಸಿಕೊಂಡೆ.

ಈ 85ರ ಮಹಿಮೆ ಹಿನ್ನೆಲೆ ಕರಗಿಸುವುದು. ಎರಡು ಮೀಟರ್ ದೂರದಲ್ಲಿ ಕೂತವರ ಮುಖ ಎಫ್/1.8ರಲ್ಲಿ ತೆಗೆದರೆ, ಸ್ಪಷ್ಟವಾಗಿ ಕಾಣುವ ಜಾಗ ಹಿಂದೆ ಮುಂದೆ ಸೇರಿ ಸುಮಾರು 6 ಸೆಂ.ಮೀ. ಕಣ್ಣು ಸಿಗುತ್ತದೆ, ಮೂಗುತಿ ಸಿಗುತ್ತದೆ, ಕಿವಿಯ ಓಲೆ ಹೊತ್ತಿಗೆ ಮಸುಕು ಶುರು. ಜಡೆಗೆ ಮುಡಿದ ಮಲ್ಲಿಗೆ ಪೂರ್ತಿ ಮಂಜು. ಇದೇ ಕಲೆ ಎಂದು ನಾವು ನಂಬಿದ್ದೇವೆ. ಮಲ್ಲಿಗೆ ಕಟ್ಟಿದವರು ನಂಬಿಲ್ಲ.

ಶಿವಮೊಗ್ಗದಲ್ಲಿ ತಂಗಿಯ ಗಂಡ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಅಲ್ಲಿನ ಹುಡುಗರೆಲ್ಲ "ಮಾವ, ಬ್ಲರ್ ಬರ್ಬೇಕು" ಎಂದು ಸುತ್ತುವರಿದರು. ಬಂತು. ತಂಗಿಯೂ ಅವಳ ಗಂಡನೂ ಹೊಸ ಬಾಗಿಲಿನ ಮುಂದೆ ನಿಂತ ಫೋಟೊ ಸಿನಿಮಾ ಪೋಸ್ಟರಿನ ಹಾಗೆ ಬಂತು. ನೋಡಿದವರೆಲ್ಲ ಆಹಾ ಅಂದರು. ಭಾವ ಮಾತ್ರ ಫೋನನ್ನು ಕಣ್ಣ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ.

"ಭಾವ, ಇದು ನಮ್ಮನೇನಾ?"

"ಹೌದು ಭಾವ, ನಿಮ್ಮನೆ ಹೆಬ್ಬಾಗಿಲು."

"ಆ ಬಾಗಿಲಿಗೆ ಸಾಗುವಾನಿ ಹಾಕಿ, ಸೊರಬದ ಕಡೆ ಗುಡಿಗಾರರನ್ನು ಹಿಡ್ಕೊಂಡು ಬಂದು ಗಜಲಕ್ಷ್ಮಿ ಕೆತ್ತಿಸಿದೀನಿ. ಎಲ್ಲಿ ಲಕ್ಷ್ಮಿ? ಎಲ್ಲಿ ಆನೆ?"

ಕಂದು ಬಣ್ಣದ ಮೋಡದಲ್ಲಿ ಎರಡು ಉಬ್ಬು ತೋರಿಸಿ ಇವೇ ಆನೆ ಎಂದೆ. ಆಮೇಲೆ ಮೊಬೈಲಿನಲ್ಲಿ ಯಾರೋ ಹುಡುಗ ತೆಗೆದ, ಬಾಗಿಲು, ಆನೆ, ತೋರಣ, ಚಪ್ಪಲಿಯ ರಾಶಿ ಎಲ್ಲವೂ ಒಂದೇ ಸಮ ಸ್ಪಷ್ಟವಾಗಿದ್ದ ಫೋಟೊಕ್ಕೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದರು. ಗ್ರೂಪ್ ಫೋಟೊದ ಕಥೆ ಹೇಳುವುದೇ ಬೇಡ. ಮುಂದೆ ಕೂತವರು ತಂಗಿಯ ಕಡೆಯವರು, ಹಿಂದೆ ನಿಂತವರು ಭಾವನ ಕಡೆಯವರು, ನಡುವೆ ಎಫ್/1.8. ಗ್ರೂಪಿಗೆ ಎಫ್/8 ಇಡಬೇಕೆಂಬುದು ಶಾಸ್ತ್ರ; ಸುತ್ತ ನಿಂತ ಹುಡುಗರಿಗೆ ಶಾಸ್ತ್ರ ಬೇಕಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಈ ಕ್ಯಾಮೆರಾವನ್ನು ಬಿಟ್ಟುಕೊಡುವುದಿಲ್ಲ. ಕಾರಣ ಯಕ್ಷಗಾನ. ಮಳೆ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ನಮ್ಮ ಕಡೆ ಬೇಸಿಗೆ ಮುಗಿಯುವವರೆಗೂ ರಾತ್ರಿಗೆ ಬರವಿಲ್ಲ. ಬಡಗಿನ ವೇಷಧಾರಿ ಮಂಡಿ ಹಾಕಿ ಗಿರಗಿರನೆ ತಿರುಗುವಾಗ ಷಟರ್ 1/500ಕ್ಕಿಂತ ಕೆಳಗೆ ಇದ್ದರೆ ಸಿಗುವುದು ಕೆಂಪು ಹಳದಿಯ ಸುಳಿ ಮಾತ್ರ. ಆ ದೀಪಗಳಲ್ಲಿ 1/500 ಬೇಕೆಂದರೆ ಐಎಸ್‌ಒ 6400ರ ಹತ್ತಿರ ಹೋಗಬೇಕು. ಹಳೇ ಕ್ಯಾಮೆರಾದಲ್ಲಿ 6400 ಇಟ್ಟರೆ ಕರ್ಣನ ಮುಖಕ್ಕೆ ಸಿಡುಬು ಎದ್ದಂತಾಗುತ್ತಿತ್ತು. ಇದರಲ್ಲಿ ಭುಜಕೀರ್ತಿಯ ಕನ್ನಡಿ ಚೂರುಗಳು ಒಂದೊಂದೂ ಬೇರೆ ಬೇರೆಯಾಗಿ ಮಿನುಗುತ್ತವೆ.

ವೇಷ ಕಟ್ಟುವ ಚೌಕಿಯ ಮಾತು ಇನ್ನೂ ಬೇರೆ. ಒಂದೇ ಬಲ್ಬು, ಒಂದು ಪೆಟ್ಟಿಗೆ, ಕೈಗನ್ನಡಿ. ಬಣ್ಣದ ವೇಷದವರು ಹಚ್ಚಿಕೊಳ್ಳುವ ಬಿಳಿಯ ಚಿಟ್ಟಿಯ ಒಂದೊಂದು ಚುಕ್ಕೆಯೂ ಎದ್ದು ನಿಲ್ಲುವ ಹೊತ್ತಿಗೆ ಆ ಮುಖ ಮನುಷ್ಯನದಾಗಿ ಉಳಿದಿರುವುದಿಲ್ಲ. ಅಲ್ಲಿ ಫ್ಲ್ಯಾಶ್ ಹಾಕುವವನನ್ನು ಮೇಳದವರು ಬೈಯುವುದಿಲ್ಲ, ನೋಡುತ್ತಾರೆ ಅಷ್ಟೆ. ಆ ನೋಟವೇ ಸಾಕು. 85 ಹಾಕಿ, ಸದ್ದಿಲ್ಲದ ಷಟರ್ ಇಟ್ಟು, ಕಂಬಕ್ಕೆ ಒರಗಿ ಕೂತರೆ ಕ್ಯಾಮೆರಾ ಅಲ್ಲಿರುವುದೇ ಯಾರಿಗೂ ಗೊತ್ತಾಗುವುದಿಲ್ಲ. ರಂಗಸ್ಥಳಕ್ಕೆ ಬಂದ ಮೇಲೆ ಆ ಸದ್ದಿಲ್ಲದ ಷಟರನ್ನು ತೆಗೆದುಬಿಡಿ. ಎಲ್‌ಇಡಿ ದೀಪಗಳ ಕೆಳಗೆ ಅದರಿಂದ ಚಿತ್ರಕ್ಕೆ ಅಡ್ಡಪಟ್ಟೆ ಬೀಳುತ್ತದೆ. ಚಂಡೆ ಬಾರಿಸುತ್ತಿರುವಾಗ ನಿಮ್ಮ ಷಟರಿನ ಸದ್ದು ಯಾರಿಗೆ ಕೇಳುತ್ತದೆ?

ಜೂನ್ ಬಂದರೆ ಮಲೆನಾಡಿನವನಿಗೆ ಇನ್ನೊಂದು ಚಿಂತೆ. ಆರ್ದ್ರೆ, ಪುನರ್ವಸು ಮಳೆ ಹಿಡಿದರೆ ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲಕ್ಕೂ ಬೂಷ್ಟು. ಲೆನ್ಸಿನೊಳಗೆ ಜೇಡರ ಬಲೆಯಂಥ ಫಂಗಸ್ ಒಮ್ಮೆ ಹರಡಿದರೆ ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎಂದು ಹೇಳುವವರ ಮಾತು ಕೇಳಬೇಡಿ, ಅಕ್ಕಿಯ ದೂಳು ಝೂಮಿನ ಸಂದಿಗೆ ಸೇರುತ್ತದೆ. ತೇವಾಂಶವನ್ನು ಶೇ. 40ರಿಂದ 50ರ ನಡುವೆ ನಿಲ್ಲಿಸುವ ವಿದ್ಯುತ್ ಪೆಟ್ಟಿಗೆ ಬರುತ್ತದೆ. ನಾನು ಅದನ್ನೇ ತಂದೆ. ಆ ವಾರವೇ ಅದರ ಕೆಳಗಿನ ಅರೆಯಲ್ಲಿ ಹಪ್ಪಳದ ಕಟ್ಟು, ಸಂಡಿಗೆ ಡಬ್ಬಿ ಬಂದು ಕೂತವು. ಈ ಖರೀದಿಯ ಬಗ್ಗೆ ಮಾತ್ರ ಮನೆಯಲ್ಲಿ ಇವತ್ತಿನವರೆಗೆ ಒಂದು ಎದುರು ಮಾತಿಲ್ಲ. ಹಪ್ಪಳ ಆಗಸ್ಟಿನಲ್ಲೂ ಗರಿಗರಿ.

ಹಕ್ಕಿಯ ಲೆಕ್ಕ ಹಾಗೇ ಉಳಿದಿದೆ. ಮಿಂಚುಳ್ಳಿಯನ್ನು ಮೊದಲಿನಷ್ಟು ಹತ್ತಿರ ತರಲು 180-600ರಂಥ ಝೂಮ್ ಬೇಕು. ತೂಕ ಎರಡು ಕೆ.ಜಿ. ಆಸುಪಾಸು, ಮುಂದಿನ ಗಾಜಿಗೆ ಹಾಕುವ ಫಿಲ್ಟರ್ 95 ಮಿ.ಮೀ., ಹೆಚ್ಚುಕಡಿಮೆ ನಮ್ಮನೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳದಷ್ಟು. ಅದನ್ನು ಹೊತ್ತು ನಾಗರಹೊಳೆಯಂಥ ಕಡೆ ಸಫಾರಿಗೆ ಹೋದರೆ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ. ಹುಲಿ ಕಂಡರೂ ಕಾಣದಿದ್ದರೂ ಉದ್ದಕ್ಕೆ ತಕ್ಕ ದುಡ್ಡು. ಸದ್ಯ ನಾನು ಕೆರೆ ದಂಡೆಗೆ ಹಳೇ ಡಿಎಸ್‌ಎಲ್‌ಆರನ್ನೇ ಒಯ್ಯುತ್ತಿದ್ದೇನೆ, 300 ಎಂ.ಎಂ. ಅದರಲ್ಲಿ ಈಗಲೂ 450ರ ಕೆಲಸ ಮಾಡುತ್ತಿದೆ.

ಫುಲ್ ಫ್ರೇಮ್ ಕೊಳ್ಳಬೇಕೆಂದು ಹೊರಟವರಿಗೆ ನನ್ನದು ಇಷ್ಟೇ ವಿನಂತಿ. ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಲೆನ್ಸುಗಳ ಬೆಲೆ ಬರೆದು ಕೂಡಿಸಿ, ಬಾಡಿಯ ಬೆಲೆಯನ್ನು ಕೊನೆಗೆ ಸೇರಿಸಿ. ನಿಮ್ಮದು ಮುಖ, ಚೌಕಿ, ದೇವಸ್ಥಾನದ ಮಬ್ಬು ಬೆಳಕು ಆದರೆ ಧೈರ್ಯವಾಗಿ ಕೊಳ್ಳಿ. ನಿಮ್ಮದು ಹಕ್ಕಿ ಆದರೆ ಇರುವುದನ್ನು ಮಾರಬೇಡಿ. ನನ್ನ ಹಳೇ ಡಿಎಸ್‌ಎಲ್‌ಆರ್ ಕೊಡುತ್ತೀರಾ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ, ಕೊಡುವುದಿಲ್ಲ.